ಲಕ್ಷ್ಮಿ ಒಪ್ಪಿದ ಕೈದಿಯ ನೋಟು

"ಅರಿಶಿನ ಕುಂಕುಮ ಯಾವತ್ತಿಂದ ಕೊಳೆ ಆಯ್ತಮ್ಮ?"

ಟೆಕ್ಸಸ್‌ನ ಇರ್ವಿಂಗ್‌ ಊರಿನ ಆ ಹಾಲ್‌ನಲ್ಲಿ ನಮ್ಮತ್ತೆ ಹೀಗೆ ಕೇಳಿದಾಗ, ಅರ್ಥವಾದದ್ದು ನನಗೆ ಮತ್ತು ನನ್ನ ಮಗಳಿಗೆ ಮಾತ್ರ.

ವಿಷಯ ಇಷ್ಟು. ಕಳೆದ ಶನಿವಾರ ಹಳೇ ನೋಟು ಕೂಡಿಡುವ ಹವ್ಯಾಸಿಗಳು ಅಲ್ಲೊಂದು ಪ್ರದರ್ಶನ ಇಟ್ಟಿದ್ದರು. ಎಲ್ಲವೂ ಯುದ್ಧಕೈದಿಗಳ ಕ್ಯಾಂಪ್‌ನೊಳಗೆ ಮಾತ್ರ ನಡೆಯುತ್ತಿದ್ದ ನೋಟುಗಳು. (ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಕೈದಿಗಳನ್ನು ಇದೇ ಟೆಕ್ಸಸ್‌ನಲ್ಲಿ ಇಟ್ಟಿದ್ದರಂತೆ. ಇಷ್ಟು ವರ್ಷ ಇಲ್ಲಿದ್ದೂ ನನಗೆ ಗೊತ್ತಿರಲಿಲ್ಲ!) ದುಡಿದ ಕೈದಿಗೆ ಕೂಲಿ ಕೊಡಬೇಕು. ಅಸಲಿ ದುಡ್ಡು ಕೊಟ್ಟರೆ ಅದನ್ನೇ ಹಿಡಿದು ಓಡಿಹೋದರೆ? ಅದಕ್ಕೇ ಈ ಕೂಪನ್. ಕ್ಯಾಂಟೀನ್‌ನಲ್ಲಿ ಸೋಪು, ಸಿಗರೇಟು ಸಿಗುತ್ತಿತ್ತು. ಬೇಲಿ ದಾಟಿದರೆ ಬರೀ ಕಾಗದ.

ಅಂಥದ್ದೊಂದು ನಮ್ಮತ್ತೆಯ ಬಳಿಯೂ ಇತ್ತು. ಜಾಲಹಳ್ಳಿಯದು. ಹೌದು, ನಮ್ಮ ಬೆಂಗಳೂರಿನ ಜಾಲಹಳ್ಳಿಯದೇ! ಅದೇ ಯುದ್ಧದ ಕಾಲದಲ್ಲಿ ಅಲ್ಲಿ ಇಟಲಿಯ ಕೈದಿಗಳಿದ್ದರು. ಅತ್ತೆಯ ಅಪ್ಪ ಅವರ ಆಸ್ಪತ್ರೆಯಲ್ಲಿ ಕಾಂಪೌಂಡರ್.

ಟೈಫಾಯ್ಡ್‌ನಿಂದ ಎದ್ದ ಕೈದಿಯೊಬ್ಬ ಅವರ ಕೈಗೆ ಒಂದು ರೂಪಾಯಿಯ ಕೂಪನ್ ಇಟ್ಟನಂತೆ. ಯಾರಿಂದಲೂ ಒಂದು ಬಾಳೆಹಣ್ಣೂ ಮುಟ್ಟದ ಮನುಷ್ಯ, ಬೇಡ ಎಂದರು. ಅವನ ಕಣ್ಣು ತುಂಬಿತು. ತೆಗೆದುಕೊಂಡರು. ಆ ದೀಪಾವಳಿಯ ಲಕ್ಷ್ಮೀಪೂಜೆಗೆ ಅದನ್ನೂ ಇಟ್ಟರು.

"ನಡೆಯದ ದುಡ್ಡನ್ನ ದೇವರ ಮುಂದೆ ಇಡ್ತಾರೇನ್ರೀ?" ಎಂದು ಹೆಂಡತಿ ರೇಗಿದರಂತೆ.

"ಸೆರೇಲಿ ದುಡಿದ ದುಡ್ಡು ಕಣೇ. ಅಂಗಡಿಯವನು ಒಪ್ಪದಿದ್ರೆ ಬಿಡಲಿ, ಲಕ್ಷ್ಮಿ ಒಪ್ತಾಳೆ."

ಅಂದಿನಿಂದ ಪ್ರತಿ ದೀಪಾವಳಿಗೂ ಆ ನೋಟಿಗೆ ಅರಿಶಿನ, ಕುಂಕುಮ. ಅಪ್ಪನ ನಂತರ ನಮ್ಮತ್ತೆಯೂ ಆ ಪೂಜೆ ಬಿಡಲಿಲ್ಲ. ಈ ಸಲ ನಮ್ಮನೆಯಲ್ಲೇ ಹಬ್ಬ, ಹಾಗಾಗಿ ಅತ್ತೆಯ ಜೊತೆ ನೋಟೂ ವಿಮಾನ ಹತ್ತಿತ್ತು.

ಪ್ರದರ್ಶನ ನಡೆಸುತ್ತಿದ್ದ ಹಿರಿಯರಿಗೆ ಅದನ್ನು ನೋಡಿ ಸಂಭ್ರಮವೋ ಸಂಭ್ರಮ. ಗಾಜಿನ ಪೆಟ್ಟಿಗೆಯಲ್ಲಿ ಜಾಗ ಕೊಟ್ಟರು. ಪಕ್ಕದಲ್ಲಿ ಕಾರ್ಡು ಇಟ್ಟರು. 'ಕಂಡೀಷನ್: ಪೂರ್. ಸ್ಟೇನ್ಡ್.' ಬೇಕಿದ್ದರೆ ಕಲೆ ತೆಗೆದುಕೊಡುವೆ, ಗ್ರೇಡ್ ಏರುತ್ತದೆ ಎಂದೂ ಹೇಳಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ನಾನು ಅದನ್ನು ಕನ್ನಡಕ್ಕೆ ತಂದೆ: ನೋಟಿನ ಸ್ಥಿತಿ ಕಳಪೆ, ಕೊಳೆಯಾಗಿದೆ, ತೊಳೆದುಕೊಡ್ತಾರಂತೆ. ಆಗ ಬಂದದ್ದೇ ಆ ಪ್ರಶ್ನೆ.

"ಅಜ್ಜೀ, ಇಟ್ಸ್ ಜಸ್ಟ್ ಅ ಗ್ರೇಡ್," ಎಂದಳು ಮಗಳು.

"ಗ್ರೇಡು ಅವರೇ ಇಟ್ಕೊಳ್ಳಲಿ. ನಮ್ಮಪ್ಪನ ಪೂಜೆ ತೊಳೆಯೋಕೆ ನಾನು ಬಿಡಲ್ಲ. ನೋಟು ವಾಪಸ್ ಕೊಡಿಸಮ್ಮ."

ಈಗ ನಾನೇ ಮಾತಾಡಬೇಕಾಯಿತು. ಕಾಂಪೌಂಡರ್, ಟೈಫಾಯ್ಡ್, ಲಕ್ಷ್ಮಿ, ಎಲ್ಲವನ್ನೂ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ನಾನು ಆ ಮನೆಗೆ ಸೊಸೆಯಾಗಿ ಬಂದವಳಷ್ಟೇ. ಆದರೂ ಹೇಳುತ್ತಾ ಹೇಳುತ್ತಾ ಎಂಥ ಹೆಮ್ಮೆಯಾಯಿತು ಅಂತೀರಿ!

ಹಿರಿಯರು ಕಾರ್ಡು ಹರಿದರು. ಹೊಸದರಲ್ಲಿ ಏನು ಬರೆಯಲಿ ಎಂದು ಅತ್ತೆಯನ್ನೇ ನೋಡಿದರು. ಮೊಮ್ಮಗಳು ಮುಂದೆ ಬಂದು ಒಂದೇ ಪದ ಹೇಳಿದಳು. ಅವರು ದಪ್ಪಕ್ಷರದಲ್ಲಿ ಬರೆದರು: 'ಕಂಡೀಷನ್: ವರ್ಷಿಪ್ಡ್.'

"ಏನಂತೆ?" ಎಂದರು ಅತ್ತೆ.

"ಪೂಜೆ ಮಾಡಿದ್ದು ಅಂತ, ಅಜ್ಜಿ," ಎಂದಳು ಮಗಳು. ಕನ್ನಡದಲ್ಲೇ!

ಅತ್ತೆ ಸೆರಗು ಸರಿಮಾಡಿಕೊಂಡು ಆ ಪೆಟ್ಟಿಗೆಯ ಪಕ್ಕದಲ್ಲೇ ನಿಂತರು, ಸಂಜೆ ಬಾಗಿಲು ಹಾಕುವವರೆಗೂ.

ಎಲ್ಲಿ ಬೇಕಾದರೂ ನಡೆಯುವ ನಮ್ಮ ನಿಮ್ಮ ಡಾಲರ್‌ಗಳಲ್ಲಿ ಈ ಗ್ರೇಡ್ ಸಿಗುವಂಥದ್ದು ಒಂದಾದರೂ ಇದೆಯೇ?