ಒಂದು ಭಾನುವಾರದ ಹೂಂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಂಟು ವರ್ಷದ ನನ್ನ ಮಗಳು ಇಂಚರಳಿಗೆ ನಾನು ಇವತ್ತಿನವರೆಗೆ ಸ್ವಂತ ದನಿಯಲ್ಲಿ 'ಬೇಡ' ಅಂದವನಲ್ಲ. ಕಂಡಕಂಡವರ ದನಿಯನ್ನು ಅಣಕಿಸುವುದು ನನ್ನ ಹಳೇ ಚಟ. ಅವಳು ಐಸ್‌ಕ್ರೀಮ್ ಕೇಳಿದರೆ ಮೆಟ್ರೋದ ಹೆಣ್ಣುದನಿಯಲ್ಲಿ, ಐಸ್‌ಕ್ರೀಮ್ ಸೇವೆ ಹೊಸಹಳ್ಳಿ ನಿಲ್ದಾಣದಲ್ಲಿ ಲಭ್ಯವಿರುವುದಿಲ್ಲ ಎಂದು ಪ್ರಕಟಿಸುತ್ತೇನೆ. ನಾಯಿಮರಿ ಕೇಳಿದರೆ ಎದುರುಮನೆ ಆಂಟಿಯ ಮೂಗಿನ ರಾಗ. ಮಗಳು ನಗುತ್ತಾಳೆ, ನಾನು ಬಚಾವು. ಬೇಡ ಅಂದದ್ದು ಮೆಟ್ರೋ, ಆಂಟಿ, ನಾನಲ್ಲವಲ್ಲ! ಇಡೀ ವಿಜಯನಗರದಲ್ಲಿ ನನ್ನಷ್ಟು ಮೃದುವಾದ ಅಪ್ಪ ಇಲ್ಲವೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ನಮ್ಮಪ್ಪನಿಗೆ ಈ ಕಲೆ ಇರಲಿಲ್ಲ. ಅವರ ಬಳಿ ಇದ್ದದ್ದು ಒಂದೇ ಒಂದು 'ನೋಡೋಣ'. ನಾಲ್ಕನೇ ಕ್ಲಾಸಿನಲ್ಲಿ ಸೈಕಲ್ ಕೇಳಿದ್ದೆ. ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಏರಿಸಿಕೊಂಡು 'ನೋಡೋಣ' ಅಂದರು. ನಾನು ಪಿಯುಸಿ ಮುಗಿಸುವವರೆಗೂ ನೋಡುತ್ತಲೇ ಇದ್ದರು. ಅದೇ ಮನುಷ್ಯ ಈಗ ಮೊಮ್ಮಗಳು ಬಾಯಿ ತೆರೆಯುವ ಮೊದಲೇ 'ಹೂಂ ಪುಟ್ಟಾ' ಅನ್ನುತ್ತಾರೆ. ನಿವೃತ್ತಿಯ ದಿನ ಸರ್ಕಾರ ಇವರಿಂದ ಫೈಲುಗಳ ಜೊತೆಗೆ 'ನೋಡೋಣ'ವನ್ನೂ ವಾಪಸು ಪಡೆದಿರಬೇಕು.

ಹೀಗಿರುವಾಗ ಮಗಳ ಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ಆಪ್ತ ಸಲಹೆಗಾರ್ತಿಯೊಬ್ಬರು ಬಂದು, ಮಕ್ಕಳ ಕೋರಿಕೆಗಳಿಗೆ ಆದಷ್ಟೂ ಯೆಸ್ ಅನ್ನಿ ಎಂದು ಜೇನಿನಲ್ಲಿ ಅದ್ದಿದ ದನಿಯಲ್ಲಿ ಒಂದು ಗಂಟೆ ಬೋಧಿಸಿದರು. ನಾನು ಆ ವಿಚಾರವನ್ನು ಅಲ್ಲೇ ಬಿಟ್ಟು, ದನಿಯನ್ನಷ್ಟೇ ಮನೆಗೆ ತಂದೆ. ಅಡುಗೆಮನೆಯಲ್ಲಿ 'ಪೇರೆಂಟ್ಸ್, ಯೆಸ್ ಅನ್ನೋದು ಒಂದು ಅಪ್ಪುಗೆ' ಎಂದು ರಾಗ ಎಳೆದಾಗ ನನ್ನ ಹೆಂಡತಿ ನಕ್ಕು ನಕ್ಕು ಸೌಟು ಬೀಳಿಸಿದಳು. ಬಾಗಿಲಲ್ಲಿ ನಿಂತಿದ್ದ ಇಂಚರ ನಗಲಿಲ್ಲ. ನಾನು ಬಿಟ್ಟುಬಂದಿದ್ದ ವಿಚಾರವನ್ನು ಅವಳು ಎತ್ತಿಕೊಂಡಿದ್ದಳು.

“ಹಾಗಾದ್ರೆ ಭಾನುವಾರ ಪೂರ್ತಿ ಎಲ್ಲಾದಕ್ಕೂ ಹೂಂ ಅಂತೀಯಾ?”

ಹೆಂಡತಿಯ ಎದುರು ಮರ್ಯಾದೆಯ ಪ್ರಶ್ನೆ. ಹೂಂ ಅಂದೆ.

ಭಾನುವಾರ ಬೆಳಗ್ಗೆ ದೋಸೆಗೆ ಜಾಮೂನಿನ ಪಾಕ ಬೇಕೆಂದಳು. ಹೂಂ. ನನ್ನ ಎಡಗೈ ಉಗುರುಗಳಿಗೆ ನೇರಳೆ ಬಣ್ಣ ಬಳಿಯಬೇಕೆಂದಳು. ಹೂಂ. ಔದಾರ್ಯ ಇಷ್ಟು ಸಲೀಸು ಅಂತ ಗೊತ್ತಿದ್ದರೆ ಮೊದಲೇ ಶುರು ಮಾಡಬಹುದಿತ್ತಲ್ಲ ಅಂದುಕೊಳ್ಳುತ್ತಿದ್ದೆ. ಹನ್ನೊಂದು ಗಂಟೆಗೆ ಸಾರಿಗೆ ಕೊತ್ತಂಬರಿ ಸೊಪ್ಪಿಲ್ಲ ಎಂದು ಒಳಗಿನಿಂದ ಕೂಗು ಬಂತು.

“ನಾನೊಬ್ಳೇ ಹೋಗಿ ತರ್ಲಾ ಅಪ್ಪಾ?”

ಅಂಗಡಿ ಇರುವುದು ನಮ್ಮ ಕ್ರಾಸಿನ ಕೊನೆಯಲ್ಲೇ, ಹದಿನಾಲ್ಕು ಮನೆ ದಾಟಿದರೆ. ಇದೇ ಪ್ರಶ್ನೆಯನ್ನು ಅವಳು ಒಂದು ವರ್ಷದಿಂದ ಕೇಳುತ್ತಿದ್ದಳು, ಪಕ್ಕದ ಮನೆಯ ಅವಳ ಗೆಳತಿ ಒಬ್ಬಳೇ ಹೋಗಿಬರುತ್ತಾಳೆ ಎಂದು ಕಣ್ಣು ತುಂಬಿಕೊಂಡು. ನಾನು ಟ್ರಾಫಿಕ್ ಪೊಲೀಸಪ್ಪನ ದನಿಯಲ್ಲಿ ಒಮ್ಮೆ, ತರಕಾರಿ ಗಾಡಿಯವನ ದನಿಯಲ್ಲಿ ಇನ್ನೊಮ್ಮೆ ಅದನ್ನು ಹಾರಿಸಿದ್ದೆ. ಈಗ ರಿವರ್ಸ್ ಬರುವ ನೀರಿನ ಟ್ಯಾಂಕರು, ಊಟ ಹೊತ್ತು ಹಾರುವ ಬೈಕುಗಳು, ಮೂಲೆಮನೆಯ ನಾಯಿ, ಎಲ್ಲವೂ ನನ್ನ ತಲೆಯೊಳಗೆ ಮೆರವಣಿಗೆ ಹೊರಟವು. ಆದರೂ 'ಹೂಂ' ಬಂತು. ಎಷ್ಟು ಸಣ್ಣ ದನಿ ಅದು! ಯಾರದೆಂದು ಗುರುತಿಸಲು ನನಗೇ ಒಂದು ಗಳಿಗೆ ಹಿಡಿಯಿತು. ನನ್ನದೇ.

ವರ ಕೊಟ್ಟು ಪೇಚಿಗೆ ಬಿದ್ದವರಲ್ಲಿ ನಾನು ಮೊದಲಿಗನೇನಲ್ಲ. ನಮ್ಮ ಮನೆದೇವರು ಶಿವ ಕೂಡ ಹಿಂದೆಮುಂದೆ ನೋಡದೆ ರಾಕ್ಷಸನಿಗೆ ವರ ಕೊಟ್ಟು, ಆಮೇಲೆ ತನ್ನ ತಲೆ ಉಳಿಸಿಕೊಳ್ಳಲು ಓಡಿದವನೇ. ವ್ಯತ್ಯಾಸ ಇಷ್ಟೇ: ಅವನು ವರ ಪಡೆದವನ ಮುಂದೆ ಓಡಿದ, ನಾನು ಹಿಂದೆ ಓಡಿದೆ. ಕವರು ಹೊದ್ದು ಮಲಗಿದ ಕಾರಿನಿಂದ ಕಾರಿಗೆ ಕುಕ್ಕರುಗಾಲಿನಲ್ಲಿ ಜಿಗಿಯುತ್ತ, ನೇರಳೆ ಉಗುರಿನಲ್ಲಿ ಬಂಪರು ಹಿಡಿದು ಮಂಡಿಯೂರಿ ಇಣುಕುತ್ತ ಸಾಗಿದೆ.

“ಏನ್ರೀ ಹುಡುಕ್ತಾ ಇದೀರ ಅಲ್ಲಿ? ನಿಮ್ ಮಗಳು ಆಗ್ಲೇ ಮುಂದಕ್ಕೆ ಹೋದ್ಲು,” ಎಂದು ಎದುರುಮನೆ ಆಂಟಿ ಬಾಲ್ಕನಿಯಿಂದ ಇಡೀ ಬೀದಿಗೆ ಕೇಳುವಂತೆ ವಿಚಾರಿಸಿದರು. ಮೂಗಿನಲ್ಲೇ. ನಾನು ಮಾಡುವ ಅಣಕು ಅಸಲಿಗಿಂತ ಸ್ವಲ್ಪ ಕಮ್ಮಿಯೇ ಎಂದು ಆಗ ತಿಳಿಯಿತು. ಇಂಚರ ತಿರುಗಿ ನೋಡಲಿಲ್ಲ.

ಟ್ಯಾಂಕರು ನಿಜವಾಗಿಯೂ ಬಂತು. ಅವಳು ಗೋಡೆಗೆ ಒರಗಿ ನಿಂತು, ಅದು ಹೋಗುವವರೆಗೆ ಕಾದು ಮುಂದೆ ನಡೆದಳು. ಅಂಗಡಿಯಲ್ಲಿ ಒಂದು ಕಟ್ಟು ಸೊಪ್ಪು ಎತ್ತಿ, ಮೂಸಿ, ಅದನ್ನಿಟ್ಟು ಬೇರೆ ಕಟ್ಟು ಆರಿಸಿಕೊಂಡಳು, ಥೇಟ್ ಅವಳಮ್ಮನ ಹಾಗೆ. ಈ ಹುಡುಗಿಗೆ ಇದೆಲ್ಲ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಬಿಟ್ಟಿದ್ದರಲ್ಲವೇ.

ಹಿಂದಿನ ಓಣಿಯಿಂದ ಓಡಿಬಂದು, ಏದುಸಿರು ಅದುಮಿಕೊಂಡು, ಪೇಪರು ಹಿಡಿದು ಸೋಫಾದಲ್ಲಿ ಕುಳಿತೆ. ಅವಳು ಸೊಪ್ಪನ್ನು ಅಮ್ಮನಿಗೆ ಕೊಟ್ಟು ನನ್ನೆದುರು ಬಂದು ನಿಂತಳು. ಸುಮ್ಮನಿರಬಹುದಿತ್ತು. ಚಟ ಬಿಡಬೇಕಲ್ಲ! ಸಲಹೆಗಾರ್ತಿಯ ಜೇನುದನಿಯಲ್ಲೇ, ಹೇಗಿತ್ತು ಪುಟ್ಟಾ ಅನುಭವ ಎಂದು ಕೇಳಿದೆ.

ಅವಳು ನನ್ನ ಮಂಡಿಗೆ ಮೆತ್ತಿದ್ದ ಧೂಳನ್ನು ನೋಡಿದಳು. ಮೂಲೆಯಲ್ಲಿ ಕೂತಿದ್ದ ನಮ್ಮಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

“ಅಪ್ಪಾ, ಬೇಡ ಅನ್ನೋ ಹಾಗಿದ್ರೆ ನಿನ್ ದನೀಲೇ ಬೇಡ ಅನ್ನು. ಹೂಂ ಅಂದ್ಮೇಲೆ ಮನೇಲೇ ಕೂತ್ಕೋ.”