ತೂಕವಾಗದ ಈರಬಸಪ್ಪ

ಗುಡಗೇರಿಯಲ್ಲಿ ನನ್ನ ಅಂಗಡಿಯ ಬಾಜುವೇ ಈರಬಸಪ್ಪನ ಅಂಗಡಿ. ಇಬ್ಬರೂ ರೈತರಿಂದ ಹೆಸರುಕಾಳು, ಕಡಲೆ, ಜೋಳ ಹಿಡಿಯುವವರು. ಗಿರಾಕಿಗಳನ್ನು ಹಂಚಿಕೊಳ್ಳುವುದಿಲ್ಲ, ಚಹಾ ಮಾತ್ರ ಹಂಚಿಕೊಳ್ಳುತ್ತೇವೆ. ಅದರಲ್ಲೂ ಒಂದು ತೊಡಕಿದೆ. ಹಿಂದೊಮ್ಮೆ ಚಹಾದಂಗಡಿಯವನ ಮೇಲೆ ಸಿಟ್ಟಾಗಿ ಈರಬಸಪ್ಪ, ‘ಇನ್ನ ನಾ ಚಾ ಕುಡಿಯೂದಿಲ್ಲ’ ಎಂದುಬಿಟ್ಟ. ಆಡಿದ ಮಾತು ಮುರಿಯುವ ಮನುಷ್ಯನಲ್ಲ. ಅಂದಿನಿಂದ ಟೋಸ್ಟು ಅದ್ದಿ ಅದ್ದಿಯೇ ಗ್ಲಾಸು ಖಾಲಿ ಮಾಡುತ್ತಾನೆ. ‘ಇದು ಕುಡದಂಗಲ್ಲ, ತಿಂದಂಗ’ ಎನ್ನುತ್ತಾನೆ.

ಇಂಥವನು ತಂಗಿಯ ವಿಷಯದಲ್ಲೂ ಒಂದು ಮಾತು ಆಡಿದ್ದ. ಪ್ರತಿವರ್ಷ ನಾಗರ ಪಂಚಮಿಗೆ ದೇವಿಕೊಪ್ಪಕ್ಕೆ ಹೋಗಿ ತಂಗಿ ಶಿವಗಂಗವ್ವನನ್ನು ತವರಿಗೆ ಕರೆತರುವುದು ಅವನ ರೂಢಿ. ಪಂಚಮಿ ಬರುವುದು ಶ್ರಾವಣದಲ್ಲಿ. ಹೊಸ ಹೆಸರುಕಾಳು ಬರುವುದೂ ಶ್ರಾವಣದಲ್ಲೇ. ಒಂದು ವರ್ಷ ಅಂಗಡಿ ಬಿಟ್ಟು ಏಳಲಾಗದೆ ಬಾಡಿಗೆ ಕಾರು ಕಳಿಸಿದ. ಅಣ್ಣನಿಲ್ಲದ ಕಾರು ನೋಡಿದ ತಂಗಿ, ಮುಂದಿನ ಸೀಟಿನಲ್ಲಿ ಒಂದು ಕುಂಬಳಕಾಯಿ ಕೂರಿಸಿ, ಬೆಲ್ಟು ಬಿಗಿದು, ‘ಅಣ್ಣ ತಾನ ಬಂದು ಕರಿಯೂತನ ಗುಡಗೇರಿ ಮಣ್ಣು ತುಳಿಯೂದಿಲ್ಲಂತ ಹೇಳು’ ಎಂದು ವಾಪಸ್ ಕಳಿಸಿದಳು. ಅಂದು ಸಂತೆ. ಊರಿಗೆ ಊರೇ ನೋಡುತ್ತಿರುವಾಗ ಕುಂಬಳಕಾಯಿ ಕಾರಿನಿಂದ ಇಳಿಯಿತು. ಈರಬಸಪ್ಪ ಅದನ್ನೇ ನೋಡುತ್ತ, ‘ನಾನೂ ದೇವಿಕೊಪ್ಪದ ನೆಲದ ಮ್ಯಾಲ ಕಾಲಿಡೂದಿಲ್ಲ’ ಎಂದ.

ಪಂಚಮಿಗಳು ಬಂದವು, ಹೋದವು. ಈರಬಸಪ್ಪನ ಮಗ ಗೌರೀಶನಿಗೆ ಹೆಣ್ಣುಮಗುವಾಯಿತು. ಅವರ ಮನೆಯಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು. ಗೌರೀಶನಿಗೆ ಅಕ್ಕತಂಗಿಯರಿಲ್ಲ, ಹೀಗಾಗಿ ಆ ಹಕ್ಕು ಶಿವಗಂಗವ್ವನಿಗೇ ಹೋಯಿತು. ಆಕೆ ಬರುವುದಿಲ್ಲ, ಈತ ಕರೆಯಹೋಗುವುದಿಲ್ಲ. ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ನಡೆಯಿತು, ಅಂಗಡಿಗೆ ಬಂದು ನನ್ನ ಕಾಳು ಚೆಲ್ಲಿತು. ಹೆಸರು ಹಿಡಿದು ಬೈಯೋಣವೆಂದರೆ ಹೆಸರೇ ಇಲ್ಲ.

ಗೌರೀಶನ ಹೆಂಡತಿ ದಾನೇಶ್ವರಿ ಒಂದು ದಿನ ನನ್ನ ಅಂಗಡಿಗೆ ಬಂದಳು.

‘ಕಾಕಾ, ಉಳವಿ ದೇವರಿಗೆ ಹೊಂಟೇವಿ, ನೀವೂ ಬರ್ರಿ. ದಾರ್ಯಾಗ ದೇವಿಕೊಪ್ಪ ಬರತೈತಿ.’

‘ನಿಮ್ಮ ಮಾವ ಗಾಡಿ ಇಳಿಯೂದಿಲ್ಲವ್ವ.’

‘ಇಳಿಸೂದು ನಿಮ್ಮ ಕೆಲಸ. ಹೆಸರಿಲ್ಲದ ಕೂಸಿನ ತಾಯಿ ಅನ್ನಿಸ್ಕೊಂಡು ಸಾಕಾಗೇತಿ ನನಗ.’

ಪುಕ್ಕಟೆ ಸೀಟು, ಅದೂ ಮುಂದಿನದು. ಒಪ್ಪಿದೆ.

ಗಾಡಿ ಬಾಡಿಗೆಗೆ ಹೊಡೆಯುವ ಕಾಸೀಮಸಾಬನ ಕ್ರೂಸರ್ ಜೀಪಿನ ಟಾಪಿನ ಮೇಲೆ ಉಳವಿಯ ದಾಸೋಹಕ್ಕೆಂದು ಈರಬಸಪ್ಪ ಕೊಟ್ಟ ಜೋಳದ ಚೀಲಗಳಿದ್ದವು. ಕಲಘಟಗಿ ದಾಟಿ ದೇವಿಕೊಪ್ಪ ಬಂದದ್ದೇ ಕಾಸೀಮಸಾಬ ಊರೊಳಗೆ ತಿರುಗಿಸಿ, ಶಿವಗಂಗವ್ವನ ಮನೆಯೆದುರೇ ನಿಲ್ಲಿಸಿ, ಬಾನೆಟ್ ಎತ್ತಿದ.

‘ಏನಾತೋ?’ ಎಂದ ಈರಬಸಪ್ಪ.

‘ಇಂಜಿನ್ ಕಾದೈತ್ರಿ ಸಾವಕಾರ. ಆರಬೇಕು.’

‘ಎಷ್ಟೊತ್ತು?’

ಕಾಸೀಮಸಾಬ ದಾನೇಶ್ವರಿಯ ಮುಖ ನೋಡಿದ. ‘ಅದು ನಿಮ್ಮ ಮ್ಯಾಲೈತ್ರಿ.’

ಈರಬಸಪ್ಪ ಎರಡೂ ಕಾಲನ್ನು ಸೀಟಿನ ಮೇಲೆತ್ತಿ ಮಡಚಿ ಕುಳಿತ. ಶಿವಗಂಗವ್ವ ತಂಬಿಗೆ ಹಿಡಿದು ಹೊರಬಂದಳು. ಎಲ್ಲರಿಗೂ ಕಾಲಿಗೆ ನೀರು ಕೊಟ್ಟು, ಕೂಸನ್ನು ಬಗಲಿಗೆ ಏರಿಸಿಕೊಂಡು, ಗಾಡಿಗೆ ಕೇಳುವಂತೆ ಹೇಳಿದಳು:

‘ದಾನವ್ವ, ಒಳಗ ಇನ್ನೊಂದು ಕುಂಬಳಕಾಯಿ ಉಳದಂಗೈತಲ್ಲ.’

‘ಅದು ಅಲ್ಲೇ ಇರತೈತಂತ ಹೇಳು,’ ಎಂದಿತು ಗಾಡಿ.

ನಾವು ರೊಟ್ಟಿ, ಎಣಗಾಯಿ ಉಂಡು ಬಂದರೂ ಅವನು ಹಾಗೇ ಇದ್ದ, ಬೆವರಿ ಬೆವರಿ. ನಾನು ಟಾಪಿನಿಂದ ಒಂದು ಚೀಲ ಇಳಿಸಿ ಗಾಡಿಯ ಬಾಗಿಲ ಕೆಳಗೆ ಅಡ್ಡ ಹಾಕಿಸಿದೆ.

‘ದೋಸ್ತಾ, ರೈತ ತಂದ ಮಾಲು ನಿನ್ನ ಅಂಗಡಿ ಮುಂದ ಮಳ್ಯಾಗ ತೊಯ್ದರ ನೀ ಏನಂತಿ?’

‘ತೂಕ ಆಗೂತನ ಮಾಲು ಅವನ ಊರಾಗ ಇದ್ದಂಗ. ನನಗೇನೂ ಸಂಬಂಧ ಇಲ್ಲ.’

‘ಹಂಗಾರ ಈ ಚೀಲ ಎಲ್ಲೈತಿ?’

ಅವನು ಬಾಗಿ ಚೀಲವನ್ನು ನೋಡಿದ. ‘ಇಲ್ಲಿ ತೂಕ ಆಗಿಲ್ಲ,’ ಎಂದ. ‘ಗುಡಗೇರ್ಯಾಗ ಐತಿ.’

‘ಅದರ ಮ್ಯಾಲ ನಿಂತಾಂವ?’

ಕಾಳಿನ ಮೇಲೆ ಚಪ್ಪಲಿ ಇಡಬಾರದೆಂದು ಅದನ್ನು ಗಾಡಿಯಲ್ಲೇ ಬಿಟ್ಟು, ಈರಬಸಪ್ಪ ಚೀಲದ ಮೇಲಿಳಿದ. ಗೌರೀಶ, ಕಾಸೀಮಸಾಬ ಸೇರಿ ಅವನ ಮುಂದೆ ಇನ್ನೊಂದು ಚೀಲ ಹಾಕಿದರು. ಅವನು ಅದಕ್ಕೆ ದಾಟಿದ ಮೇಲೆ ಹಿಂದಿನದನ್ನು ಎತ್ತಿ ಮುಂದೆ ತಂದರು. ಹೀಗೆ ಗುಡಗೇರಿ ಒಂದೊಂದೇ ಹೆಜ್ಜೆ ದೇವಿಕೊಪ್ಪದೊಳಕ್ಕೆ ಹೊರಟಿತು. ಬಾಜುಮನೆಯ ದುರ್ಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಗಣಪತಿ ಇಳಿಸಾಕತ್ತೀರೇನ್ರಿ?’

‘ಇಲ್ಲವ್ವ,’ ಎಂದೆ. ‘ಇಂವ ತನ್ನ ಊರಾಗ ತಾ ಅಡ್ಡಾಡಾಕತ್ತಾನ.’

ಮನೆಯ ಕಟ್ಟೆಯ ತನಕ ಬಂದದ್ದಾಯಿತು. ಶಿವಗಂಗವ್ವ ಬಾಗಿಲಲ್ಲೇ ನಿಂತಿದ್ದಳು.

‘ದಾನವ್ವ, ಯಾಕ ಬಂದಾನಂತ ಕೇಳು.’

‘ಕರಿಯಾಕ ಬಂದೇನಂತ ಹೇಳು.’

‘ಎಲ್ಲಿ ನಿಂತು ಮಾತಾಡಾಕತ್ತಾನಂತ ಕೇಳು.’

‘ಗುಡಗೇರ್ಯಾಗ.’

‘ಗುಡಗೇರ್ಯಾಗ ನಿಂತಾಂವ ಇಲ್ಲಿಗೆ ಬಂದಂಗ ಹೆಂಗಾದೀತು? ಮೊದಲ ಬಾ ಅಂತ ಹೇಳು.’

ಈರಬಸಪ್ಪ ನನ್ನ ಕಡೆ ನೋಡಿದ. ಬಂದೆ ಎಂದರೆ ಅವನ ಮಾತು ಹೋಗುತ್ತದೆ. ಬಂದಿಲ್ಲ ಎಂದರೆ ಕೂಸಿನ ಹೆಸರು ಹೋಗುತ್ತದೆ. ದಾನೇಶ್ವರಿಯೂ ನನ್ನನ್ನೇ ನೋಡಿದಳು. ಉಂಡ ರೊಟ್ಟಿಯ ಋಣವಿತ್ತು.

‘ತೂಕ ಮಾಡಿಬಿಡೂಣು,’ ಎಂದೆ. ‘ತೂಕ ಆದ ಮಾಲು ಈ ಊರಿಂದು. ಕಾಲೂ ಇಟ್ಟಂಗಲ್ಲ, ಬಂದಂಗೂ ಆತು.’

ದುರ್ಗವ್ವನ ಮನೆಯವರು ಗೋವಿನಜೋಳ ಕೊಳ್ಳುವವರು. ಅವರ ತೂಕದ ಕಾಟಾ ಬಂತು. ಅದರ ಮೇಲೆ ಚೀಲ, ಚೀಲದ ಮೇಲೆ ಈರಬಸಪ್ಪ. ದುರ್ಗವ್ವ ಬಗ್ಗಿ ಅಂಕಿ ಓದಿದಳು.

‘ನೂರಾ ಮೂರು.’

‘ಚೀಲ ಐವತ್ತು,’ ಎಂದ ಗೌರೀಶ.

‘ಐವತ್ಮೂರ?’ ಶಿವಗಂಗವ್ವ ಬಾಗಿಲು ಬಿಟ್ಟು ಕೆಳಗಿಳಿದು ಬಂದಳು. ಈ ಸಲ ಸೊಸೆಗೆ ಹೇಳಲಿಲ್ಲ, ಅವನಿಗೇ ಹೇಳಿದಳು. ‘ಅಣ್ಣಾ, ನನ್ನ ಮದವ್ಯಾಗ ಕಾಳಿನ ಚೀಲ ಒಬ್ಬನ ಎತ್ತಿ ಒಗೀತಿದ್ದಿ. ಏನಾಗೇತಿ ನಿನಗ?’

ತಂಗಿ ಮಾತಾಡಿಸಿದ್ದಕ್ಕೆ ಕರಗಿದನೇ ಎಂದು ನೋಡಿದೆ. ಇಲ್ಲ. ತೂಕ ಕಡಿಮೆ ಬಂದಾಗ ನಮ್ಮವರಿಗೆ ಮೊದಲು ಬರುವ ಅನುಮಾನವೇ ಬೇರೆ.

‘ನನಗೇನಾಗಿಲ್ಲಬೇ. ಕಾಟಾ ತಪ್ಪೈತಿ.’

ಎಂದವನೇ ಧಡಕ್ಕನೆ ಕೆಳಗಿಳಿದ. ಕಾಟಾದ ಸುತ್ತ ಒಂದು ಸುತ್ತು ಬಂದ, ಬಗ್ಗಿ ನೋಡಿದ, ಒಂದು ಮೂಲೆ ಹಿಡಿದು ಅಲುಗಾಡಿಸಿದ. ನೆಲ ಸಮ ಇಲ್ಲವೆಂದು ಗೊಣಗುತ್ತ ಬರಿಗಾಲಿನಿಂದ ಮಣ್ಣು ಸರಿಸಿ ಸರಿಸಿ ಸಮ ಮಾಡತೊಡಗಿದ. ಕೆಲಸ ಮುಗಿಸಿ ತಲೆಯೆತ್ತಿದ, ಎಲ್ಲರೂ ನೋಡುತ್ತಿದ್ದ ಕಡೆ ತಾನೂ ನೋಡಿದ. ಎರಡೂ ಪಾದಕ್ಕೆ ದೇವಿಕೊಪ್ಪದ ಕೆಂಪು ಮಣ್ಣು ಮೆತ್ತಿತ್ತು.

‘ಬಂದ್ಯಾ?’ ಎಂದಳು ತಂಗಿ.

ಅವನು ಪಾದವನ್ನು ಧೋತರದಿಂದ ಮುಚ್ಚಲು ನೋಡಿದ. ಧೋತರ ಸಾಲಲಿಲ್ಲ.

‘ಬಂದೆ. ನಡಿ, ಹೋಗೂಣು. ಕೂಸಿಗೆ ಹೆಸರಿಲ್ಲ.’

‘ಮೊದಲ ರೊಟ್ಟಿ ತಿನ್ನು. ಕಾಟಾ ಬರೋಬ್ಬರಿ ಐತಿ.’

ಅವನು ಉಂಡು ಕೈತೊಳೆಯುವಷ್ಟರಲ್ಲಿ ಇಂಜಿನ್ ತಾನಾಗಿಯೇ ಆರಿತ್ತು. ಉಳವಿಯಿಂದ ತಿರುಗಿ ಬಂದ ಮೇಲೆ ಶಿವಗಂಗವ್ವ ಗುಡಗೇರಿಯ ತೊಟ್ಟಿಲ ಮುಂದೆ ಕೂಸಿಗೆ ಮಹಾನಂದಾ ಎಂದು ಹೆಸರಿಟ್ಟಳು. ತೊಟ್ಟಿಲಲ್ಲಿ ಹಿಡಿಸದ ಕೂಸು ಎದ್ದು ನಿಂತು ಕೇಳಿಸಿಕೊಂಡಿತು. ಇಂದಿಗೂ ಕೂಸು ಎಂದರೆ ಮಾತ್ರ ತಿರುಗಿ ನೋಡುತ್ತದೆ.

ಅಂದು ದೇವಿಕೊಪ್ಪದಿಂದ ಉಳವಿಗೆ ಹೊರಡುವಾಗ ಮುಂದಿನ ಸೀಟಿನಲ್ಲಿ ಶಿವಗಂಗವ್ವ ಕುಳಿತಳು. ಅದು ಅವಳದೇ ಜಾಗವೆಂದು ಎಲ್ಲರೂ ಒಪ್ಪಿದರು. ನನ್ನನ್ನು ಹಿಂದಕ್ಕೆ ದಾಟಿಸಿ, ನನ್ನ ತೊಡೆಯ ಮೇಲೆ ಹಿತ್ತಲಿನ ಒಂದು ಕುಂಬಳಕಾಯಿ ಇಟ್ಟಳು. ‘ಹಿಡಕೊಂಡು ಕುಂಡರ್ರಿ ಅಣ್ಣಾರ, ತವರಮನಿಗೆ ಒಯ್ಯಬೇಕು,’ ಎಂದಳು. ಹಿಂದಿನ ಸೀಟಿಗೆ ಬೆಲ್ಟಿಲ್ಲ. ಯಲ್ಲಾಪುರದ ತಿರುವುಗಳಲ್ಲಿ ನಾನೂ ಅದೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು ಕುಳಿತೆವು.