ಫೂಲ್‌ಮಾಯಾ ದಿದಿಯ ಒಂದು ಬಕೆಟ್ ನೀರು

ನೇಪಾಳದ ತ್ರಿಶೂಲಿ ನದಿಯ ರಾಫ್ಟಿಂಗ್ ಶಿಬಿರಕ್ಕೆ ಮ್ಯಾನೇಜರಾಗಿ ಬಂದ ಮೊದಲ ದಿನವೇ ಟೀಕಾರಾಮ ದವಾಡಿಯ ಮಾನ ನೀರುಪಾಲಾಯಿತು. ಹೊಸ ಕೆಲಸಕ್ಕೆಂದು ಹೊಸ ಜೀನ್ಸ್ ತೊಟ್ಟು ರಾಫ್ಟ್ ಹತ್ತಿದ್ದ. ಎರಡು ಗಂಟೆ ನೀರು ಕುಡಿದ ಆ ಪ್ಯಾಂಟು ಇಳಿಯುವ ಹೊತ್ತಿಗೆ ಅಕ್ಕಿ ಮೂಟೆಯಷ್ಟು ತೂಗುತ್ತಿತ್ತು. ಹತ್ತು ಮಂದಿ ಅತಿಥಿಗಳ ಎದುರು ಟೀಕಾರಾಮ ಠೀವಿಯಿಂದ ದಡಕ್ಕೆ ಹಾರಿದ. ಅವನೇನೋ ಮೇಲೆ ಬಂದ, ಪ್ಯಾಂಟು ಮೊಣಕಾಲಿನಿಂದ ಮೇಲೆ ಬರಲು ಒಪ್ಪಲಿಲ್ಲ.

ಸಾಮಾನಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ತನ್ನ ಶಾಲನ್ನು ಅವನತ್ತ ಎಸೆದಳು. "ಸುತ್ಕೋ ಭಾಯಿ. ಚಳಿಯಾಗುತ್ತೆ."

ಅವಳೇ ಫೂಲ್‌ಮಾಯಾ ಮಾಝಿ. ಎಲ್ಲರಿಗೂ ದಿದಿ, ಅಂದರೆ ಅಕ್ಕ. ಅವಳ ಅಪ್ಪ ಮರದ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದವನು. ತೂಗುಸೇತುವೆ ಬಂದ ಮೇಲೆ ದೋಣಿ ಕೋಳಿಗೂಡಾಯಿತು. ಮಗಳು ಲೈಫ್ ಜಾಕೆಟ್ ಒಗೆಯಲು ಶಿಬಿರಕ್ಕೆ ಬಂದಳು. ಒಗೆಯುತ್ತ ಒಗೆಯುತ್ತಲೇ, ಯಾರು ನದಿಗಿಳಿಯಬೇಕು, ಯಾರು ಇಳಿಯಬಾರದು ಎಂದು ತೀರ್ಮಾನಿಸುವ ಅಧಿಕಾರವೂ ಅವಳ ಕೈಗೆ ಬಂದುಬಿಟ್ಟಿತ್ತು. ಯಾರೂ ಕೊಟ್ಟದ್ದಲ್ಲ, ಯಾರಿಗೂ ಕಿತ್ತುಕೊಳ್ಳುವ ಧೈರ್ಯವಿರಲಿಲ್ಲ.

ಮಳೆಯ ದಿನಗಳಲ್ಲಿ ಅವಳ ಪರೀಕ್ಷೆ ಒಂದೇ. ಒಲೆಯ ಮೇಲೆ ಚಹಾಕ್ಕೆ ಇಡುವುದು, ಅತಿಥಿಯ ಕುತ್ತಿಗೆಗೆ ಒಂದು ಬಕೆಟ್ ಹೊಳೆನೀರು ಸುರಿಯುವುದು, ಗಾಳಿಗೆ ಮುಖಮಾಡಿ ನಿಲ್ಲಿಸುವುದು. ಚಹಾ ಕುದಿಯುವುದಕ್ಕೆ ಮೊದಲೇ ಹಲ್ಲು ಕಟಕಟ ಎಂದರೆ ಬಟ್ಟೆ ಬದಲಾಯಿಸಬೇಕು.

ಆರು ವರ್ಷ ಈ ಪರೀಕ್ಷೆಯನ್ನು ಹೊಗಳಿಕೊಂಡೇ ಬಂದ ಟೀಕಾರಾಮ, ದಶೈಂ, ಅಂದರೆ ದಸರಾ ಹಬ್ಬಕ್ಕೆ ಹದಿನೈದು ದಿನವಿರುವಾಗ ಅದನ್ನು ಮೊದಲ ಬಾರಿ ಶಪಿಸಿದ. ಅವನ ಮಗಳು ಅಸ್ಮಿತಾ ಮೆಚ್ಚಿದ ಹುಡುಗನ ತಂದೆ, ನಿವೃತ್ತ ಅಧಿಕಾರಿ ಕೇಶವರಾಜ ಲಾಮಿಛಾನೆ, ಕಠ್ಮಂಡುವಿನಿಂದ ಬಂದಿದ್ದರು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಇವರ ಒಂದು 'ಹೂಂ' ಬಾಕಿ. ಗರಿಗರಿ ಹತ್ತಿಯ ನಿಲುವಂಗಿ-ಪಾಯಿಜಾಮದ ದೌರಾ ಸುರುವಾಲ್, ಕೋಟು, ಬಣ್ಣದ ನೇಯ್ಗೆಯ ಢಾಕಾ ಟೋಪಿ. ಹಾಗೆಯೇ ರಾಫ್ಟ್ ಹತ್ತುತ್ತೇನೆಂದು ಹೊರಟರು.

"ಇದೇ ಬಟ್ಟೇಲಿ ಮೂವತ್ತು ವರ್ಷ ಸರ್ಕಾರ ನಡೆಸಿದ್ದೀನಮ್ಮ," ಎಂದರು.

"ಸರ್ಕಾರ ಒದ್ದೆಯಾಗಲ್ಲ ಹಜೂರ್," ಎಂದಳು ದಿದಿ.

ಅವರ ಬೆನ್ನ ಹಿಂದೆ ನಿಂತ ಟೀಕಾರಾಮ ಎರಡೂ ಕೈ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದ. ದಿದಿ ನೋಡಿದಳು. ಬಕೆಟ್ ಎತ್ತಿದಳು. ಸುರಿದಳು. ಮಗಳ ಮದುವೆ ಬೀಗರ ಕೋಟಿನಿಂದ ತೊಟತೊಟ ಸೋರಿ ಹೋಗುವುದನ್ನು ಟೀಕಾರಾಮ ಕಣ್ಣಾರೆ ಕಂಡ.

ಚಹಾ ಇನ್ನೂ ಗುಳ್ಳೆ ಬಿಟ್ಟಿರಲಿಲ್ಲ. ಕೇಶವರಾಜರ ಹಲ್ಲು ತಾಳ ಹಾಕತೊಡಗಿತು.

ದಿದಿ ಮೊಣಕೈಗೆ ತೇಪೆ ಹಾಕಿದ ತನ್ನ ಗಂಡನ ಉಣ್ಣೆ ಸ್ವೆಟರ್ ತಂದಳು, ಬೇಗ ಒಣಗುವ ತೆಳು ಪ್ಯಾಂಟು ಕೊಟ್ಟು ಲಾಡಿಗೆ ಎರಡು ಗಂಟು ಹಾಕಿಸಿದಳು. ಚಪ್ಪಲಿ ಬಿಡಿಸಿ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ತೊಡಿಸಿದಳು, ಕನ್ನಡಕಕ್ಕೆ ದಾರ ಕಟ್ಟಿದಳು. ಆಮೇಲೆ ಟೋಪಿಗೆ ಕೈ ಚಾಚಿದಳು.

"ಟೋಪಿ ಮಾತ್ರ ತೆಗೆಯಲ್ಲ!"

"ತಲೆ ಮೇಲಿದ್ರೆ ತೇಲ್ಕೊಂಡು ಕೆಳಗೆ ನಾರಾಯಣಿ ನದಿ ಸೇರುತ್ತೆ. ಈ ಚೀಲದಲ್ಲಿದ್ರೆ ಕಠ್ಮಂಡು ಸೇರುತ್ತೆ. ನಿಮ್ಮಿಷ್ಟ."

ಟೋಪಿ ಚೀಲಕ್ಕೆ ಹೋಯಿತು. ಜೊತೆಗೆ ಟವೆಲು, ಒಣ ಕಾಲುಚೀಲ, ಅವಲಕ್ಕಿ, ಹುರಿದ ಸೋಯಾಕಾಳು. ನೀರು ಹೋಗದ ಆ ಚೀಲದ ಬಾಯನ್ನು ಮೂರು ಸುತ್ತು ಮಡಚಿ, ಮೊಣಕಾಲಿನಿಂದ ಒತ್ತಿ ಗಾಳಿ ತೆಗೆದು, ರಾಫ್ಟಿಗೆ ಬಿಗಿದಳು.

ನದಿ ಎಲ್ಲರನ್ನೂ ತೋಯಿಸಿತು, ಬಿಟ್ಟ ಜಾಗವನ್ನು ಮಳೆ ತೋಯಿಸಿತು. ದಡ ಸೇರಿದರೆ ಬಸ್ಸಿಲ್ಲ. ರಸ್ತೆಗೆ ಮಣ್ಣು ಕುಸಿದಿತ್ತು. ಒಂದು ಬಂಡೆಯ ಕೆಳಗೆ ಮೂರು ಗಂಟೆ ಕಾಯಬೇಕಾಯಿತು. ಬೇರೆ ಶಿಬಿರದ ನಾಲ್ಕು ಹುಡುಗರು ಜೀನ್ಸಿನಲ್ಲಿ ತುಟಿ ನೀಲಿಯಾಗಿ ನಡುಗುತ್ತಿದ್ದರು. ಕೇಶವರಾಜರು ಚೀಲ ಬಿಚ್ಚಿ, ಒಣ ಕಾಲುಚೀಲ ತೊಟ್ಟು, ಗರಿಗರಿಯಾಗಿದ್ದ ಟೋಪಿಯನ್ನು ತಲೆಗಿಟ್ಟುಕೊಂಡರು. ಟವೆಲನ್ನು ಆ ಹುಡುಗರಿಗೆ ಕೊಟ್ಟು, ಅವಲಕ್ಕಿ ಹಂಚಿ, ಗದರಿದರು: "ಹತ್ತಿಬಟ್ಟೆ ಹಾಕ್ಕೊಂಡು ಯಾರಾದ್ರೂ ಹೊಳೆಗೆ ಬರ್ತಾರೇನ್ರೋ? ತಲೆ ಬೇಡ್ವಾ?"

ಮದುವೆಯ ಬಗ್ಗೆ ಮಾತ್ರ ಒಂದಕ್ಷರವಿಲ್ಲ. ಜೊತೆಗೆ ಬಂದಿದ್ದ ಟೀಕಾರಾಮ ಅವರ ಮುಖವನ್ನೇ ಓದಲು ನೋಡಿದ. ಅದರ ಮೇಲೆ ಮಳೆನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಸಂಜೆ ಶಿಬಿರಕ್ಕೆ ಬಂದವರೇ ಕೇಶವರಾಜರು ನೇರವಾಗಿ ಕೊಟ್ಟಿಗೆಗೆ ನಡೆದರು. ಸ್ವೆಟರ್ ತೆಗೆದು, ನೀಟಾಗಿ ಮಡಚಿ, ಎರಡೂ ಕೈಯಿಂದ ದಿದಿಗೆ ಕೊಟ್ಟರು. ಟೀಕಾರಾಮ ಬಾಗಿಲಲ್ಲಿ ನಿಂತ.

"ನಿಮ್ಮ ಕಣ್ಣು ತಪ್ಪಲ್ಲ ಅಂತ ಇವತ್ತು ಗೊತ್ತಾಯ್ತು. ಅದಕ್ಕೇ ಕೇಳ್ತೀನಿ," ಎಂದರು. "ಆರು ವರ್ಷದಿಂದ ನೋಡ್ತಿದ್ದೀರಲ್ಲ, ನಮ್ಮ ಬೀಗರು ಎಂಥ ಮನುಷ್ಯ?"

ನಮ್ಮ ಬೀಗರು! ಟೀಕಾರಾಮನಿಗೆ ಕಣ್ಣು ಮಂಜಾಯಿತು.

ದಿದಿಯ ನೋಟ ಅವನ ತಲೆಯಿಂದ ಕೆಳಗಿಳಿಯುತ್ತ ಬಂದು, ಸೊಂಟದ ಹತ್ತಿರ ನಿಂತಿತು.

"ಈಗ ಲಾಡಿ ಬಿಗಿಯಾಗಿ ಕಟ್ಕೋತಾರೆ," ಎಂದಳು.